ಕೂತ ಚೈನೆಲ್ಲ ಸರಿಯಾದ ಚೈನಲ್ಲ

ಬೈಕಿಗೆ ತಂದ ಚೈನು ಪೂರ್ತಿ ತಪ್ಪು ಅಳತೆಯದಾದರೆ ಹೆದರಬೇಕಿಲ್ಲ. 428 ಅಳತೆಯ ಚೈನು 520 ಅಳತೆಯ ಸ್ಪ್ರಾಕೆಟ್ (ಚೈನು ಕೂರುವ ಹಲ್ಲಿನ ಚಕ್ರ) ಮೇಲೆ ಕೂರುವುದೇ ಇಲ್ಲ, ವಾಪಸು ಕೊಟ್ಟರಾಯಿತು. ಎಡವಟ್ಟು ಮಾಡುವುದು ಸಲೀಸಾಗಿ ಕೂತುಬಿಡುವ ತಪ್ಪು ಚೈನು. ಈ ಬೈಕಿಗೆ ಆದದ್ದೂ ಅದೇ.

ಕಂಪನಿಯಿಂದ ಬಂದಾಗ 520 ಚೈನಿದ್ದ ಬೈಕು. ಹಳೆಯದು ಸವೆದ ಮೇಲೆ, ದಪ್ಪ ಇದ್ದಷ್ಟೂ ಬಾಳಿಕೆ ಜಾಸ್ತಿ ಎಂಬ ಲೆಕ್ಕದಲ್ಲಿ 525 ಹಾಕಿದರು. ಹಲ್ಲು ಇನ್ನೂ ಚೆನ್ನಾಗಿದೆ ಎಂದು ಸ್ಪ್ರಾಕೆಟ್ ಎರಡೂ ಹಳೆಯವೇ ಉಳಿದವು. ಚೈನಿನ ಎರಡು ತುದಿ ಜೋಡಿಸುವ ಲಿಂಕಿಗೆ ರಿವೆಟ್ ಹೊಡೆಯುವ ಸಾಧನ ಇರಲಿಲ್ಲ, ಲಾಕ್ (ಸಿಕ್ಕಿಸುವ ಕ್ಲಿಪ್ಪು) ಇರುವ ಲಿಂಕೇ ಬಿತ್ತು. ಓಡಿತು. ಸದ್ದೂ ಇರಲಿಲ್ಲ. ಕೆಲವು ಸಾವಿರ ಕಿ.ಮೀ. ಆದಮೇಲೆ ಲಾಕ್ ಹಾರಿ, ಹೊರಗಿನ ಪ್ಲೇಟು ಕಳಚಿ, ಚೈನು ಮುಂದಿನ ಸ್ಪ್ರಾಕೆಟ್ ಸುತ್ತ ಮುದ್ದೆಯಾಗಿ ಎಂಜಿನ್ ಕೇಸನ್ನೇ ಒಡೆಯಿತು. ಸ್ಪ್ರಾಕೆಟ್ ಕವರ್ ಬಿಚ್ಚಿದರೆ ಒಳಮೈಯಲ್ಲಿ ಕಮಾನಿನಂತೆ ಬಾಗಿದ, ಹೊಳೆಯುವ ಒಂದೇ ಒಂದು ಗೀರು. ಲಾಕ್ ಪ್ರತಿ ಸುತ್ತಿಗೂ ಅಲ್ಲಿ ಉಜ್ಜಿಕೊಂಡೇ ಹೋಗಿತ್ತು.

ಕಾರಣ ನಂಬರಿನಲ್ಲೇ ಇದೆ. 520, 525, 530 ಮೂರಕ್ಕೂ ಪಿಚ್ (ಒಂದು ಪಿನ್ನಿನ ನಡುವಿನಿಂದ ಮುಂದಿನ ಪಿನ್ನಿನ ನಡುವಿಗಿರುವ ದೂರ) ಒಂದೇ, 15.875 ಮಿ.ಮೀ. 520ಕ್ಕೂ 525ಕ್ಕೂ ಹಲ್ಲುಗಳ ನಡುವೆ ಕೂರುವ ರೋಲರಿನ ವ್ಯಾಸವೂ ಒಂದೇ, 10.16. ಬೇರೆಯಾಗುವುದು ಹಲ್ಲು ಹೋಗಿ ಕೂರುವ ಒಳಗಿನ ಅಗಲ: 520ಕ್ಕೆ 6.35, 525ಕ್ಕೆ 7.94, 530ಕ್ಕೆ 9.53 ಮಿ.ಮೀ. ಹಾಗಾಗಿ 520ರ ಹಲ್ಲಿನ ಮೇಲೆ 525 ಕೂತೇ ಕೂರುತ್ತದೆ. ಆದರೆ ಹೆಚ್ಚುವರಿ 1.6 ಮಿ.ಮೀ. ಜಾಗದಲ್ಲಿ ಅಡ್ಡಡ್ಡ ಆಡುತ್ತದೆ, ಪಿನ್ನಿನ ತುದಿಗಳು ಎರಡೂ ಕಡೆ ಹೊರಚಾಚುತ್ತವೆ. 520ಕ್ಕೆಂದು ಮಾಡಿದ ಕವರಿನೊಳಗೆ ಅಷ್ಟು ಸಂದು ಇರಲಿಲ್ಲ. 525ರ ಸ್ಪ್ರಾಕೆಟ್‌ಗೆ 520 ಚೈನು ಹಾಕಲು ನೋಡಿ, ಹಲ್ಲೇ ಒಳಗೆ ಹೋಗದು. ಆ ತಪ್ಪು ತಾನೇ ಗೊತ್ತಾಗುತ್ತದೆ, ಇದು ಗೊತ್ತಾಗುವುದಿಲ್ಲ.

ಹಳೇ ಸ್ಪ್ರಾಕೆಟ್ ಉಳಿಸಿದ್ದು ಎರಡನೇ ತಪ್ಪು. ಚೈನು "ಎಳೆದಿದೆ" ಎನ್ನುತ್ತೇವೆ, ನಿಜಕ್ಕೂ ಎಳೆಯುವುದು ಪ್ಲೇಟಲ್ಲ. ಪಿನ್ನು, ಅದರ ಸುತ್ತಲಿನ ಬುಷ್ಷು ಸವೆದು ಪಿಚ್ ದೊಡ್ಡದಾಗುತ್ತದೆ, ಅದಕ್ಕೆ ತಕ್ಕಂತೆ ಹಲ್ಲೂ ಕೊಕ್ಕೆಯಂತೆ ಸವೆಯುತ್ತದೆ. ಅದರ ಮೇಲೆ ಹೊಸ ಚೈನು ಬಿದ್ದರೆ ಎಲ್ಲ ಹಲ್ಲೂ ಭಾರ ಹೊರುವುದಿಲ್ಲ. ಎರಡು ಮೂರು ಹಲ್ಲಿನ ಮೇಲೇ ಎಳೆತವೆಲ್ಲ ಬಿದ್ದು ಹೊಸ ಚೈನು ಬೇಗ ಮುದಿಯಾಗುತ್ತದೆ. ಸವೆತ ಕಣ್ಣಳತೆಯಲ್ಲಿ ಸಿಗುವುದಿಲ್ಲ. ಚೈನನ್ನು ಬಿಗಿಯಾಗಿ ಎಳೆದು ಹಿಡಿದು 20 ಪಿಚ್, ಅಂದರೆ ಒಂದನೇ ಪಿನ್ನಿನ ನಡುವಿನಿಂದ 21ನೇ ಪಿನ್ನಿನ ನಡುವಿಗೆ ಅಳೆಯಿರಿ. ಹೊಸ 520, 525ಕ್ಕೆ ಅದು 317.5 ಮಿ.ಮೀ., 428ಕ್ಕೆ 254. ಅಳತೆ 2 ಶೇಕಡಾ ದಾಟಿದ್ದರೆ ಯೋಚನೆಯೇ ಬೇಡ, ಚೈನು, ಮುಂದಿನ ಸ್ಪ್ರಾಕೆಟ್, ಹಿಂದಿನ ಸ್ಪ್ರಾಕೆಟ್ ಮೂರೂ ಒಟ್ಟಿಗೆ. ಎರಡು ಮೂರು ಕಡೆ ಅಳೆಯಬೇಕು, ಚೈನು ಎಲ್ಲ ಕಡೆ ಒಂದೇ ಸಮ ಸವೆಯುವುದಿಲ್ಲ.

ಬೈಕಿನ ಮೇಲೆ ಈಗಿರುವ ಚೈನನ್ನು ನೋಡಿ ಹೊಸದನ್ನು ಕೊಳ್ಳಬೇಡಿ. ಹಿಂದಿನ ಮಾಲೀಕರು ಏನು ಬದಲಿಸಿದ್ದರೋ. ಕೈಪಿಡಿಯಲ್ಲಿರುವ ನಂಬರ್, ಎರಡೂ ಸ್ಪ್ರಾಕೆಟ್‌ನ ಹಲ್ಲು, ಲಿಂಕ್ ಎಣಿಕೆ, ಇಷ್ಟೂ ತಾಳೆಯಾಗಬೇಕು. ಲಿಂಕ್ ಎಣಿಕೆ ಸರಿಸಂಖ್ಯೆಯೇ ಬರಬೇಕು, ಬೆಸ ಬಂದರೆ ಎಣಿಸಿದ್ದು ತಪ್ಪಿದೆ. ಮುಂದೆ ಒಂದು ಹಲ್ಲು ಕಡಿಮೆ ಮಾಡಿ "ಪಿಕಪ್" ಹೆಚ್ಚಿಸುವ ಆಸೆ ಇದ್ದರೆ, 15/43ರ (ಮುಂದೆ 15, ಹಿಂದೆ 43 ಹಲ್ಲು) ಬದಲು 14/43 ಎಂದರೆ ಸುಮಾರು 7 ಶೇಕಡಾ ವ್ಯತ್ಯಾಸ. ಹಿಂದೆ ಮೂರು ಹಲ್ಲು ಏರಿಸಿದ್ದಕ್ಕೆ ಸಮ. ಚೈನೂ ಹೆಚ್ಚು ಮಡಿಚುತ್ತದೆ, ಸ್ವಿಂಗ್‌ಆರ್ಮ್ (ಹಿಂದಿನ ಚಕ್ರ ಹಿಡಿಯುವ ತೋಳು) ಮೇಲಿನ ರಬ್ಬರನ್ನೂ ತಿನ್ನುತ್ತದೆ.

ಹಳೇ ಚೈನು ಕಡಿಯುವ ಮೊದಲೇ ಮುಂದಿನ ಸ್ಪ್ರಾಕೆಟ್ ನಟ್ಟು ಸಡಿಲಿಸಿ. ಗೇರ್ ಹಾಕಿ ಹಿಂದಿನ ಬ್ರೇಕ್ ಒತ್ತಿದರೆ ಚೈನೇ ಸ್ಪ್ರಾಕೆಟ್ ಹಿಡಿದುಕೊಳ್ಳುತ್ತದೆ. ಕಡಿದ ಮೇಲೆ ಅದನ್ನು ಹಿಡಿಯಲು ಏನೂ ಇರುವುದಿಲ್ಲ, ಪರದಾಟ ಆಗ ಶುರು. ಹೊಸ ಚೈನು ಉದ್ದ ಬಂದಿದ್ದರೆ ಪಿನ್ನಿನ ತಲೆಯನ್ನು ಮೊದಲು ಉಜ್ಜಿ ಸಮ ಮಾಡಿ, ಆಮೇಲೆ ಹೊರದಬ್ಬಿ. ಹಾಗೇ ಒತ್ತಿದರೆ ಕಟರಿನ ಸೂಜಿ ಮುರಿಯುತ್ತದೆ. ಒ-ರಿಂಗ್ (ಪಿನ್ನಿನ ಗ್ರೀಸು ಒಳಗೇ ಉಳಿಸುವ ರಬ್ಬರ್ ಉಂಗುರ) ಚೈನಾದರೆ ಜೋಡಿಸುವ ಲಿಂಕಿಗೆ ನಾಲ್ಕು ರಿಂಗ್ ಬೇಕು, ಹಾಕುವ ಮುಂಚೆ ಎಣಿಸಿಕೊಳ್ಳಿ. ಒಂದು ತಪ್ಪಿದರೂ ಆ ಪಿನ್ನಿನ ಗ್ರೀಸು ಒಣಗಿ ಅದೊಂದೇ ಸವೆಯುತ್ತದೆ.

ಲಾಕ್ ಇರುವ ಲಿಂಕೇ ಆದರೆ ಮುಚ್ಚಿದ ತುದಿ ಚೈನು ಓಡುವ ದಿಕ್ಕಿಗಿರಲಿ. ಮೇಲಿನ ಸಾಲಿನಲ್ಲಿ ಅದು ಎಂಜಿನ್ ಕಡೆ. ಆಗ ಏನಾದರೂ ತಗುಲಿದರೂ ಲಾಕ್ ತನ್ನ ಜಾಗಕ್ಕೇ ಒತ್ತಿಕೊಳ್ಳುತ್ತದೆ. ತಿರುಗಾಮುರುಗಾ ಇದ್ದರೆ ಅದೇ ಏಟು ಅದನ್ನು ಕಿತ್ತೆಸೆಯುತ್ತದೆ.

ಚೈನಿನ ಸಡಿಲಿಕೆ ಕೈಪಿಡಿಯಲ್ಲಿರುವಷ್ಟೇ ಇಡಿ, ಅತಿ ಟೈಟಾದ ಜಾಗ ಹುಡುಕಿ ಅಲ್ಲೇ ನೋಡಿ. ಬಿಗಿ ಹೆಚ್ಚಾದರೆ ಸದ್ದಿಲ್ಲದೆ ಕೆಡುವುದು ಗೇರ್‌ಬಾಕ್ಸ್ ಬೇರಿಂಗು ಮತ್ತು ಆಯಿಲ್ ಸೀಲು.

ಕೊನೆಗೆ ಕವರಿನ ಒಳಮೈಗೆ ತೆಳ್ಳಗೆ ಮಾರ್ಕರ್ ಬಳಿದು ಮುಚ್ಚಿ. ಎಂಜಿನ್ ಆಫ್ ಇರಲಿ, ಗೇರ್ ನ್ಯೂಟ್ರಲ್‌ನಲ್ಲಿರಲಿ. ಚೈನಿನ ಲಾಕ್ ಕವರನ್ನು ಕೆಲವು ಸಲ ದಾಟಿ ಹೋಗುವಷ್ಟು ಹಿಂದಿನ ಚಕ್ರವನ್ನು ಕೈಯಲ್ಲಿ ತಿರುಗಿಸಿ. ತೆರೆದಾಗ ಮಸಿಯಲ್ಲಿ ಗೆರೆ ಬಿದ್ದಿದ್ದರೆ ಬೈಕನ್ನು ಸ್ಟ್ಯಾಂಡಿನಿಂದ ಇಳಿಸಬೇಡಿ.