ಐಮ್ಯಾಕೋ, ಮ್ಯಾಕ್ ಮಿನಿ ಜೊತೆಗೆ ಬೇರೆ ಮಾನಿಟರೋ?

ಐಮ್ಯಾಕ್ ಅಂದರೆ ಪರದೆಯೊಳಗೇ ಕಂಪ್ಯೂಟರ್ ಇರುವ ಆ್ಯಪಲ್ ಯಂತ್ರ, ಮ್ಯಾಕ್ ಮಿನಿ ಅಂದರೆ ಪರದೆ ಇಲ್ಲದ ಆ್ಯಪಲ್‌ನ ಪುಟ್ಟ ಡಬ್ಬಿ ಕಂಪ್ಯೂಟರ್. ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಮ್ಯಾಕ್ ಮಿನಿಗೆ. ಅದರ ಜೊತೆ ಒಂದು ಒಳ್ಳೆಯ 27 ಇಂಚಿನ ಮಾನಿಟರ್ ಇದ್ದರೆ, ದಿನವಿಡೀ ಮೇಜಿನ ಮುಂದೆ ಕೂರುವವರಿಗೆ ಐಮ್ಯಾಕ್‌ಗಿಂತ ಅದೇ ವಾಸಿ. ಐಮ್ಯಾಕ್ ಕೆಟ್ಟ ಕಂಪ್ಯೂಟರ್ ಅಂತಲ್ಲ. ಅದರ ಪರದೆಯ ಮುಂದೆ ಕೂತು ಕೆಲಸ ಮಾಡಿದರೆ ಬಿಟ್ಟೇಳಲು ಮನಸ್ಸಾಗುವುದಿಲ್ಲ. ಆದರೆ ಆ ಪರದೆಗೂ ಕಂಪ್ಯೂಟರಿಗೂ ಬಿಡಿಸಲಾಗದ ಗಂಟು ಹಾಕಿದ್ದಾರೆ, ನನ್ನ ತಕರಾರೆಲ್ಲ ಅದರ ಬಗ್ಗೆಯೇ.

ಇಲ್ಲಿ ಹೋಲಿಸುತ್ತಿರುವುದು 2024ರ ಎರಡು ಮಾಡೆಲ್‌ಗಳನ್ನು: ಎಂ4 ಚಿಪ್‌ನ 24 ಇಂಚಿನ ಐಮ್ಯಾಕ್ ಮತ್ತು ಎಂ4 ಚಿಪ್‌ನ ಮ್ಯಾಕ್ ಮಿನಿ. ಚಿಪ್ ಒಂದೇ ಆದ್ದರಿಂದ ವೇಗದ ಚರ್ಚೆ ಬೇಡ. ಇಷ್ಟು ಮಾತ್ರ ಗಮನಿಸಿ: ಅತಿ ಅಗ್ಗದ ಐಮ್ಯಾಕ್‌ನಲ್ಲಿ ಸಿಪಿಯು 8 ಕೋರ್‌ನದು, ಥಂಡರ್‌ಬೋಲ್ಟ್ (ಡೇಟಾ, ವಿಡಿಯೋ ಎರಡನ್ನೂ ಸಾಗಿಸುವ) ಪೋರ್ಟ್ ಎರಡೇ, ತಂತಿಯ ಇಂಟರ್ನೆಟ್‌ಗೆ ಈಥರ್ನೆಟ್ ಬೇಕಿದ್ದರೆ ಅದಕ್ಕೆ ಬೇರೆ ದುಡ್ಡು. ಅತಿ ಅಗ್ಗದ ಮಿನಿಯಲ್ಲಿ 10 ಕೋರ್, ಹಿಂದೆ ಮೂರು ಥಂಡರ್‌ಬೋಲ್ಟ್, ಮುಂದೆ ಎರಡು ಯುಎಸ್‌ಬಿ-ಸಿ, ಜೊತೆಗೆ ಎಚ್‌ಡಿಎಂಐ, ಈಥರ್ನೆಟ್ ಎಲ್ಲವೂ ಸೇರಿಯೇ ಬರುತ್ತವೆ. ಹೆಚ್ಚು ದುಡ್ಡಿನದರಲ್ಲಿ ಕಡಿಮೆ ಸಿಗುವುದು ವಿಚಿತ್ರವೇ ಸರಿ.

ನನ್ನ ಕೆಲಸ ಬಹುಪಾಲು ಅಕ್ಷರದ್ದು. ಬರೆಯುವುದು, ತಿದ್ದುವುದು, ಸ್ಪ್ರೆಡ್‌ಶೀಟ್, ನಡುನಡುವೆ ಒಂದಿಷ್ಟು ಫೋಟೋ. ಇದನ್ನು ನೆನಪಿಟ್ಟುಕೊಂಡು ಮುಂದಿನದನ್ನು ಓದಿ.

ಪರದೆಯ ವಿಷಯದಲ್ಲಿ ಐಮ್ಯಾಕ್ ಗೆಲ್ಲುತ್ತದೆ, ಎರಡನೇ ಮಾತಿಲ್ಲ. 4480×2520 ಪಿಕ್ಸೆಲ್, ಇಂಚಿಗೆ 218. ಕನ್ನಡ ಓದುವವರಿಗೆ ಇದರ ಬೆಲೆ ಬೇಗ ಗೊತ್ತಾಗುತ್ತದೆ. ಸಣ್ಣ ಅಕ್ಷರದಲ್ಲಿ ‘ಥ’ದ ಹೊಟ್ಟೆಯ ಚುಕ್ಕೆ, ‘ಧ’ದ ಕೆಳಗಿನ ಸೀಳು, ‘ಷ’ದ ಒಳಗಿನ ಗೀಟು, ಎರಡೆರಡು ಒತ್ತು ಹೊತ್ತ ‘ಸ್ತ್ರೀ’, ‘ಲಕ್ಷ್ಮೀ’ ಇವೆಲ್ಲ ಚೂರೂ ಕಲಸಿಕೊಳ್ಳದೆ ನಿಲ್ಲುತ್ತವೆ. ಅದೇ 27 ಇಂಚಿನ 2560×1440 ಮಾನಿಟರ್‌ನಲ್ಲಿ ಇಂಚಿಗೆ 109 ಪಿಕ್ಸೆಲ್ ಮಾತ್ರ. ಸಾಲದ್ದಕ್ಕೆ 2018ರ ಮೊಹಾವೆ ಆವೃತ್ತಿಯಿಂದೀಚೆಗೆ ಸಬ್‌ಪಿಕ್ಸೆಲ್ ನಯಗೊಳಿಸುವಿಕೆಯನ್ನು (ಪಿಕ್ಸೆಲ್‌ನ ಕೆಂಪು, ಹಸಿರು, ನೀಲಿ ಭಾಗಗಳನ್ನು ಬಿಡಿಬಿಡಿಯಾಗಿ ಬಳಸಿ ಅಕ್ಷರದ ಅಂಚು ನಯ ಮಾಡುವ ಉಪಾಯ) ಮ್ಯಾಕ್‌ಓಎಸ್ ಕೈಬಿಟ್ಟಿದೆ. ಹೀಗಾಗಿ ವಿಂಡೋಸ್‌ನಲ್ಲಿ ಪರವಾಗಿಲ್ಲ ಅನ್ನಿಸುವ ಮಾನಿಟರೇ ಮ್ಯಾಕ್‌ಗೆ ಹಾಕಿದಾಗ ಮಸುಕಾಗಿ ಕಾಣುತ್ತದೆ. ಮಿನಿಗೆ ಇಂಥದ್ದನ್ನು ಜೋಡಿಸಿ ಐಮ್ಯಾಕ್ ಪಕ್ಕ ಇಟ್ಟರೆ ಐಮ್ಯಾಕ್ ಕೊಂಡವರು ನಗುತ್ತಾರೆ. ಕನಿಷ್ಠ 27 ಇಂಚಿನ 4ಕೆ (3840×2160) ಬೇಕು, ಅಂದರೆ ಇಂಚಿಗೆ 163. ಕೈಗೂಡಿದರೆ 5ಕೆ (5120×2880).

ಇನ್ನು ಆ ಗಂಟಿನ ವಿಷಯ. ಇಷ್ಟು ಚೆಂದದ ಪರದೆಗೆ ಹೊರಗಿನಿಂದ ಕೇಬಲ್‌ನಲ್ಲಿ ನೇರ ವಿಡಿಯೋ ಕೊಡುವ ದಾರಿಯೇ ಇಲ್ಲ. ಹಿಂಬದಿಯ ಥಂಡರ್‌ಬೋಲ್ಟ್ ಪೋರ್ಟ್‌ಗಳಿಂದ ವಿಡಿಯೋ ಆಚೆ ಹೋಗುತ್ತದೆ, ಒಳಕ್ಕೆ ಬರುವುದಿಲ್ಲ. ಕಂಪ್ಯೂಟರ್ ಹಳತಾದ ಮೇಲೆ ತಾನೇ ಈ ಚಿಂತೆ ಅನ್ನಬೇಡಿ, ಮೊದಲ ದಿನದಿಂದಲೇ ಇದು ಕಾಡುತ್ತದೆ. ಆಫೀಸಿನವರು ಕೊಟ್ಟ ಲ್ಯಾಪ್‌ಟಾಪ್ ಇದೆ, ಮೇಜಿನ ಮೇಲೆ ಐಮ್ಯಾಕ್ ಇದೆ. ಲ್ಯಾಪ್‌ಟಾಪ್‌ನ ಕೆಲಸವನ್ನು ದೊಡ್ಡ ಪರದೆಯಲ್ಲಿ ಮಾಡಬೇಕೆಂದರೆ ಐಮ್ಯಾಕ್ ಪಕ್ಕಕ್ಕೆ ಇನ್ನೊಂದು ಮಾನಿಟರ್ ತರಬೇಕು. ಮಿನಿಯ ಮೇಜಿನಲ್ಲಾದರೆ ಮಾನಿಟರ್‌ನ ಯುಎಸ್‌ಬಿ-ಸಿ ಕೇಬಲನ್ನು ಲ್ಯಾಪ್‌ಟಾಪ್‌ಗೆ ಚುಚ್ಚಿದರೆ ಮುಗಿಯಿತು. 65 ಅಥವಾ 90 ವ್ಯಾಟ್ ಕೊಡುವ ಮಾನಿಟರ್ ಆಗಿದ್ದರೆ ಲ್ಯಾಪ್‌ಟಾಪ್ ಚಾರ್ಜ್ ಕೂಡ ಆಗುತ್ತದೆ. ಕೆವಿಎಂ ಸ್ವಿಚ್ ಇರುವ ಮಾನಿಟರ್ ಆದರೆ ಅದಕ್ಕೆ ಚುಚ್ಚಿದ ಕೀಬೋರ್ಡ್, ಮೌಸ್ ಕೂಡ ಜೊತೆಗೇ ಲ್ಯಾಪ್‌ಟಾಪ್ ಕಡೆಗೆ ತಿರುಗುತ್ತವೆ.

ಹಿಂದೆ ಹೀಗಿರಲಿಲ್ಲ. 2009ರ ಕೊನೆಗೆ ಬಂದ 27 ಇಂಚಿನ ಐಮ್ಯಾಕ್‌ನಿಂದ 2014ರ ನಡುವಿನ ಮಾಡೆಲ್‌ವರೆಗೆ ಟಾರ್ಗೆಟ್ ಡಿಸ್ಪ್ಲೇ ಮೋಡ್ ಅಂತ ಇತ್ತು. ಕೇಬಲ್ ಹಾಕಿ ಕಮಾಂಡ್ ಮತ್ತು ಎಫ್2 ಒತ್ತಿದರೆ ಐಮ್ಯಾಕ್ ಬರೀ ಮಾನಿಟರ್ ಆಗಿಬಿಡುತ್ತಿತ್ತು. 2014ರ ಕೊನೆಯಲ್ಲಿ 5ಕೆ ಐಮ್ಯಾಕ್ ಬಂದಾಗ ಆ ಸೌಲಭ್ಯ ಹೋಯಿತು, ಅದಕ್ಕೆ ಆಗ ಒಂದು ನ್ಯಾಯ ಇತ್ತು. 5120×2880 ಪಿಕ್ಸೆಲ್, ಒಂದೊಂದಕ್ಕೆ 24 ಬಿಟ್, ಸೆಕೆಂಡಿಗೆ 60 ಸಲ: ಗುಣಿಸಿದರೆ ಸೆಕೆಂಡಿಗೆ 21 ಗಿಗಾಬಿಟ್ ದಾಟುತ್ತದೆ. ಆಗಿನ ವಿಡಿಯೋ ಕೇಬಲ್ ಮಾನದಂಡವಾದ ಡಿಸ್ಪ್ಲೇಪೋರ್ಟ್ 1.2 ಹೊರುತ್ತಿದ್ದದ್ದು 17.28 ಮಾತ್ರ. ಈಗಿನ ಐಮ್ಯಾಕ್‌ನ 4.5ಕೆ ಪರದೆಗೆ ಅದೇ ಲೆಕ್ಕ ಹಾಕಿದರೆ 16 ಗಿಗಾಬಿಟ್ ಚಿಲ್ಲರೆ. 40 ಗಿಗಾಬಿಟ್‌ನ ಥಂಡರ್‌ಬೋಲ್ಟ್ 4ಕ್ಕೆ ಅದೊಂದು ಹೊರೆಯೇ ಅಲ್ಲ. ಕೇಬಲ್‌ನ ಅಡ್ಡಿ ನಿವಾರಣೆಯಾಗಿ ವರ್ಷಗಳೇ ಕಳೆದರೂ ಸೌಲಭ್ಯ ಮಾತ್ರ ವಾಪಸ್ ಬಂದಿಲ್ಲ.

‘ಒಂದು ಆ್ಯಪಲ್ ಯಂತ್ರದ ಚಿತ್ರವನ್ನು ಇನ್ನೊಂದಕ್ಕೆ ವೈಫೈನಲ್ಲಿ ಕಳಿಸುವ ಏರ್‌ಪ್ಲೇ ಇದೆಯಲ್ಲ’ ಅನ್ನುವವರಿದ್ದಾರೆ. ಇದೆ. ಸಿಸ್ಟಮ್ ಸೆಟ್ಟಿಂಗ್ಸ್, ಜನರಲ್, ಏರ್‌ಡ್ರಾಪ್ ಅಂಡ್ ಹ್ಯಾಂಡ್‌ಆಫ್ ಒಳಗೆ ಏರ್‌ಪ್ಲೇ ರಿಸೀವರ್ ಆನ್ ಮಾಡಿ, ಇನ್ನೊಂದು ಮ್ಯಾಕ್‌ನ ಕಂಟ್ರೋಲ್ ಸೆಂಟರ್‌ನಲ್ಲಿ ಸ್ಕ್ರೀನ್ ಮಿರರಿಂಗ್ ಒತ್ತಿ ಐಮ್ಯಾಕ್ ಆರಿಸಿದರೆ ಚಿತ್ರ ಬರುತ್ತದೆ. ಯುಎಸ್‌ಬಿ ಕೇಬಲ್‌ನಲ್ಲೂ ನಡೆಯುತ್ತದೆ. ಆದರೆ ಬರುವುದು ಹಿಂಡಿ (ಕಂಪ್ರೆಸ್ ಮಾಡಿ) ಕಳಿಸಿದ ವಿಡಿಯೋ. ಫೋಟೋ ತೋರಿಸಲು ಸಾಕು, ಅಕ್ಷರ ತಿದ್ದಲು ಸಾಲದು. ಮೌಸ್ ಒಂದು ಎಳೆ ಹಿಂದೆ ಬಿದ್ದೇ ಓಡುತ್ತದೆ. ಇದಕ್ಕಾಗಿ ಐಮ್ಯಾಕ್ ಆನ್ ಆಗಿ, ಲಾಗಿನ್ ಆಗಿ ಕಾಯುತ್ತಿರಬೇಕು, ಅಂದರೆ ಒಂದು ಕೆಲಸಕ್ಕೆ ಎರಡು ಕಂಪ್ಯೂಟರ್. ಆಫೀಸಿನ ಲ್ಯಾಪ್‌ಟಾಪ್ ವಿಂಡೋಸ್‌ನದಾದರೆ ಏರ್‌ಪ್ಲೇ ಅದರಲ್ಲಿ ಇಲ್ಲವೇ ಇಲ್ಲ.

ಇನ್ನೊಂದು ದಾರಿ ಬಿಚ್ಚಿ ಬೋರ್ಡ್ ಬದಲಿಸುವುದು. ಹಳೆಯ 27 ಇಂಚಿನ 5ಕೆ ಐಮ್ಯಾಕ್‌ಗಳಿಗೆ ಹೊರಗಿನ ವಿಡಿಯೋವನ್ನು ಪರದೆಗೆ ಉಣಿಸುವ ಡ್ರೈವರ್ ಬೋರ್ಡ್ ಸಿಗುತ್ತದೆ. ಗಾಜಿನ ಅಂಚಿನ ಅಂಟುಪಟ್ಟಿಯನ್ನು ಪ್ಲಾಸ್ಟಿಕ್ ಚಕ್ರದ ಕಟರ್‌ನಿಂದ ಸುತ್ತ ಬಿಡಿಸಬೇಕು. ಮೇಲ್ಭಾಗದ ನಡುವೆ ಕ್ಯಾಮೆರಾ ಇರುವುದರಿಂದ ಅಲ್ಲಿ ಚಕ್ರವನ್ನು ಒಳಕ್ಕೆ ತಳ್ಳಬಾರದು. ಪರದೆಯನ್ನು ಒಂದಿಷ್ಟು ಮಾತ್ರ ಎತ್ತಿ, ಮೊದಲು ಅದರ ಎರಡು ಕೇಬಲ್ ಬಿಡಿಸಿ, ಆಮೇಲೆ ತೆಗೆಯಬೇಕು. ಒಂದೇ ಸಲ ಎಳೆದರೆ ಕೇಬಲ್ ಹರಿಯುತ್ತದೆ. ಒಳಗಿನ ಪವರ್ ಸಪ್ಲೈನ ಕೆಪಾಸಿಟರ್‌ಗಳಲ್ಲಿ ಪ್ಲಗ್ ತೆಗೆದ ಮೇಲೂ ಚಾರ್ಜ್ ಉಳಿದಿರುತ್ತದೆ, ಅದರ ಹಿಂಬದಿ ಬೆರಳಿಡಬಾರದು. ಲಾಜಿಕ್ ಬೋರ್ಡ್ (ಕಂಪ್ಯೂಟರಿನ ಮುಖ್ಯ ಬೋರ್ಡ್) ತೆಗೆದು ಆ ಜಾಗದಲ್ಲಿ ಡ್ರೈವರ್ ಬೋರ್ಡ್ ಕೂರಿಸಿ, ಹೊಸ ಅಂಟುಪಟ್ಟಿ ಹಾಕಿ ಮುಚ್ಚಬೇಕು. ಬೋರ್ಡ್ ತರಿಸುವ ಮೊದಲು ಪ್ಯಾನೆಲ್‌ನ ಹಿಂದಿನ ಚೀಟಿಯಲ್ಲಿ ನಂಬರ್ ನೋಡಿ. ಎಲ್‌ಎಂ270ಕ್ಯೂಕ್ಯೂ1 ಅಂತ ಇದ್ದರೂ ಅದರ ಮುಂದಿನ ಅಕ್ಷರಗಳು ವರ್ಷಕ್ಕೆ ತಕ್ಕಂತೆ ಬದಲಾಗುತ್ತವೆ, ಬೋರ್ಡ್ ಅದಕ್ಕೆ ಹೊಂದಬೇಕು. ಇಷ್ಟೆಲ್ಲ ಆದ ಮೇಲೂ ಐಮ್ಯಾಕ್‌ನ ಕ್ಯಾಮೆರಾ ತಾನಾಗಿ ಕೆಲಸ ಮಾಡುವುದಿಲ್ಲ, ಸ್ಪೀಕರ್‌ಗೆ ಬೇರೆ ವ್ಯವಸ್ಥೆ ಬೇಕು. ಕೈಕೆಲಸದ ಹುಚ್ಚಿರುವವರಿಗೆ ಸರಿ. ಮಾನಿಟರ್ ಉಳಿಸಿಕೊಳ್ಳಲು ಇದೇ ದಾರಿ ಅಂದುಕೊಂಡು ಯಾರೂ ಐಮ್ಯಾಕ್ ಕೊಳ್ಳಬಾರದು.

ಇದೆಲ್ಲ ಯಾಕೆ ಮುಖ್ಯ ಅಂದರೆ ಪರದೆಯ ಆಯುಸ್ಸೇ ಬೇರೆ, ಕಂಪ್ಯೂಟರಿನದೇ ಬೇರೆ. 2017ರ 5ಕೆ ಐಮ್ಯಾಕ್ ಮ್ಯಾಕ್‌ಓಎಸ್‌ನ ವೆಂಚುರಾ ಆವೃತ್ತಿಯಲ್ಲಿ ನಿಂತಿತು, 2019ರದು ಸಿಕೋಯಾದಲ್ಲಿ. 2025ರ ಟಾಹೋ ಆವೃತ್ತಿ ಓಡುವ ಇಂಟೆಲ್ ಚಿಪ್‌ನ ಐಮ್ಯಾಕ್ 2020ರದು ಮಾತ್ರ, ಇಂಟೆಲ್ ಮ್ಯಾಕ್‌ಗಳಿಗೆಲ್ಲ ಅದೇ ಕೊನೆಯ ಆವೃತ್ತಿ. ಇಷ್ಟರಲ್ಲಿ ಅವುಗಳ ಪರದೆ ಮಾತ್ರ ಇವತ್ತಿನ 5ಕೆ ಮಾನಿಟರ್‌ಗಳ ಪಕ್ಕ ಇಟ್ಟರೂ ನಾಚಬೇಕಿಲ್ಲ.

ವಿಂಡೋಸ್ ಕಡೆಯೂ ಇದೇ ಕಥೆ. ಮೈಕ್ರೋಸಾಫ್ಟ್‌ನ ಸರ್ಫೇಸ್ ಸ್ಟುಡಿಯೋ 2016ರಲ್ಲಿ ಬಂದಾಗ ಅದರ 28 ಇಂಚಿನ 4500×3000 ಪರದೆಗೆ ಸಾಟಿ ಇರಲಿಲ್ಲ. ಆದರೆ ಒಳಗಿದ್ದದ್ದು ಇಂಟೆಲ್‌ನ 6ನೇ ತಲೆಮಾರಿನ ಚಿಪ್, ಅದು ವಿಂಡೋಸ್ 11 ಒಪ್ಪುವ ಚಿಪ್‌ಗಳ ಪಟ್ಟಿಯಲ್ಲಿಲ್ಲ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲವೂ ಮುಗಿಯಿತು. ಆ ಪರದೆಗೂ ವಿಡಿಯೋ ಇನ್‌ಪುಟ್ ಇಲ್ಲ. ಬೇರೆ ಕಂಪನಿಗಳ, ಐಮ್ಯಾಕ್‌ನಂತೆ ಪರದೆಯೊಳಗೇ ಕಂಪ್ಯೂಟರ್ ಇರುವ ಕೆಲವು ಆಲ್-ಇನ್-ಒನ್‌ಗಳಲ್ಲಿ ಎಚ್‌ಡಿಎಂಐ ಇನ್‌ಪುಟ್ ಇರುತ್ತದೆ. ಕೊಳ್ಳುವಾಗ ಪೋರ್ಟ್ ಪಕ್ಕ ‘ಇನ್’ ಅಂತಲೇ ಬರೆದಿದೆಯೇ ನೋಡಿ, ಬರೀ ಎಚ್‌ಡಿಎಂಐ ಅಂತಿದ್ದರೆ ಅದು ಸಾಮಾನ್ಯವಾಗಿ ಔಟ್‌ಪುಟ್.

ಎತ್ತರದ ವಿಷಯ. ಐಮ್ಯಾಕ್‌ನ ಸ್ಟ್ಯಾಂಡ್ ಹಿಂದೆ ಮುಂದೆ ಬಾಗುತ್ತದೆ, ಮೇಲೆ ಕೆಳಗೆ ಹೋಗುವುದಿಲ್ಲ. ಎತ್ತರದವರು ಕೆಳಗೆ ಹಲಗೆ ಇಡಬೇಕು.

ಮಿನಿಯ ಕಡೆಯ ರಗಳೆಗಳನ್ನೂ ಹೇಳಬೇಕು. ಪೆಟ್ಟಿಗೆಯಲ್ಲಿ ಕೀಬೋರ್ಡ್ ಇಲ್ಲ, ಮೌಸ್ ಇಲ್ಲ, ಕ್ಯಾಮೆರಾ ಇಲ್ಲ. ಒಳಗಿನ ಸ್ಪೀಕರ್ ‘ಟಿಂಗ್’ ಅನ್ನುವುದಕ್ಕಷ್ಟೇ. ಐಮ್ಯಾಕ್‌ನ ಆರು ಸ್ಪೀಕರ್‌ಗಳ ಮುಂದೆ ಅದನ್ನು ಹೆಸರಿಸಲೂಬಾರದು. ಪವರ್ ಬಟನ್ ಹಿಂದಿನ ಮೂಲೆಯ ಅಡಿಯಲ್ಲಿದೆ, ಒತ್ತಲು ಡಬ್ಬಿಯನ್ನೇ ಎತ್ತಬೇಕು. (ಐಮ್ಯಾಕ್ ಜೊತೆ ಬರುವ ಮೌಸ್‌ನ ಚಾರ್ಜಿಂಗ್ ಕಿಂಡಿ ಇನ್ನೂ ಹೊಟ್ಟೆಯ ಕೆಳಗೇ ಇದೆ, ಹಾಗಾಗಿ ಈ ವಿಷಯದಲ್ಲಿ ಇಬ್ಬರೂ ಸಮ.)

ಹೆಚ್ಚು ತಲೆ ತಿನ್ನುವುದು ಮಾನಿಟರ್ ಹೊಂದಿಸುವ ಕೆಲಸ. 4ಕೆ ಮಾನಿಟರ್ ಹಾಕಿದ ತಕ್ಷಣ ಮ್ಯಾಕ್ 1920×1080ರಂತೆ ತೋರಿಸಿದರೆ ಎಲ್ಲವೂ ದಪ್ಪ ದಪ್ಪ ಕಾಣುತ್ತದೆ. ಡಿಸ್ಪ್ಲೇ ಸೆಟ್ಟಿಂಗ್‌ನಲ್ಲಿ 2560×1440 ಆರಿಸಿ. ಆಗ ಮ್ಯಾಕ್ ಒಳಗೆ 5120×2880ರಲ್ಲಿ ಬರೆದು 3840×2160ಕ್ಕೆ ಕುಗ್ಗಿಸುತ್ತದೆ. ಅಕ್ಷರದ ಅಂಚು ಕೂದಲೆಳೆಯಷ್ಟು ಮೆದುವಾಗುತ್ತದೆ, ಐಮ್ಯಾಕ್ ಪಕ್ಕದಲ್ಲಿಟ್ಟು ನೋಡಿದರೆ ಮಾತ್ರ ಗೊತ್ತಾಗುತ್ತದೆ. ಮೌಸ್ ತಡವರಿಸುತ್ತಿದ್ದರೆ ಕೇಬಲ್ ಮೇಲೆ ಅನುಮಾನಪಡಿ: ಹಳೆಯ ಎಚ್‌ಡಿಎಂಐ ಕೇಬಲ್‌ನಲ್ಲಿ 4ಕೆ 30 ಹರ್ಟ್ಸ್‌ಗೆ (ಸೆಕೆಂಡಿಗೆ 30 ಚಿತ್ರಕ್ಕೆ) ಇಳಿದಿರುತ್ತದೆ. ಯುಎಸ್‌ಬಿ-ಸಿಯಿಂದ ಡಿಸ್ಪ್ಲೇಪೋರ್ಟ್‌ಗೆ ಹೋಗುವ ಕೇಬಲ್ ಹಾಕಿದರೆ ಈ ತಂಟೆ ಇರುವುದಿಲ್ಲ. ಪರದೆಯ ಬೆಳಕು ಹೆಚ್ಚುಕಡಿಮೆ ಮಾಡುವ ಕೀಬೋರ್ಡಿನ ಕೀಲಿಗಳು ಬಹುತೇಕ ಬೇರೆ ಕಂಪನಿಯ ಮಾನಿಟರ್‌ಗಳಲ್ಲಿ ಕೆಲಸ ಮಾಡುವುದಿಲ್ಲ. ಮಾನಿಟರ್‌ಕಂಟ್ರೋಲ್ ಎಂಬ ಉಚಿತ ಆಪ್ ಹಾಕಿಕೊಂಡರೆ ಅದೂ ಸರಿಹೋಗುತ್ತದೆ.

ಮೆಮೊರಿ ಎರಡರಲ್ಲೂ ಆಮೇಲೆ ಹೆಚ್ಚಿಸಲಾಗದು. ಶುರುವಾಗುವುದೇ 16 ಜಿಬಿಯಿಂದ, ನನ್ನಂಥ ಕೆಲಸಕ್ಕೆ ಅಷ್ಟು ಸಾಕು. 256 ಜಿಬಿ ಸ್ಟೋರೇಜ್ ಸಾಲದೆ ಬಂದರೆ ಹೊರಗೆ ಎಸ್‌ಎಸ್‌ಡಿ ನೇತುಹಾಕಿ.

ಕರೆಂಟ್ ಹೋದರೆ ಎರಡೂ ತಕ್ಷಣ ಆರುತ್ತವೆ, ಬ್ಯಾಟರಿ ಎರಡಕ್ಕೂ ಇಲ್ಲ. ಮಿನಿಗೆ ಯುಪಿಎಸ್ ಇಟ್ಟವರು ಮಾನಿಟರ್ ಪ್ಲಗ್ಗನ್ನೂ ಬ್ಯಾಟರಿ ಕಡೆಯ ಸಾಕೆಟ್‌ಗೇ ಹಾಕಬೇಕು. ಇಲ್ಲದಿದ್ದರೆ ಕಂಪ್ಯೂಟರ್ ಓಡುತ್ತಿರುತ್ತದೆ, ಸೇವ್ ಮಾಡಲು ಪರದೆಯೇ ಇರುವುದಿಲ್ಲ.

ದುಡ್ಡಿನ ಲೆಕ್ಕ ಮಾನಿಟರ್ ಮೇಲೆ ನಿಂತಿದೆ. ಮಿನಿಗೆ ಸಾಧಾರಣ 4ಕೆ ಮಾನಿಟರ್, ಕೀಬೋರ್ಡ್, ಮೌಸ್, ಒಂದು ವೆಬ್‌ಕ್ಯಾಮ್ ಸೇರಿಸಿದರೂ ಐಮ್ಯಾಕ್‌ಗಿಂತ ಕಡಿಮೆಯಲ್ಲೇ ಆಗುತ್ತದೆ. ಏಸಸ್, ಬೆನ್‌ಕ್ಯೂಗಳ 27 ಇಂಚಿನ 5ಕೆ ತಂದರೆ ಐಮ್ಯಾಕ್‌ನ ಆಸುಪಾಸಿಗೆ ಬರುತ್ತೀರಿ. ಆ್ಯಪಲ್‌ನದೇ 2022ರ ಸ್ಟುಡಿಯೋ ಡಿಸ್ಪ್ಲೇ ಬೇಕೆಂದರೆ ಮೂಗಿಗಿಂತ ಮೂಗುತಿ ಭಾರ: ಆ ಒಂದು ಮಾನಿಟರ್‌ನ ಬೆಲೆ ಅಗ್ಗದ ಐಮ್ಯಾಕ್‌ಗಿಂತ ಹೆಚ್ಚು, ಎತ್ತರ ಬದಲಿಸುವ ಸ್ಟ್ಯಾಂಡಿಗೆ ಮತ್ತೆ ಬೇರೆ ದುಡ್ಡು. ನಾನಾದರೆ 4ಕೆ ಮಾನಿಟರ್ ಕೊಂಡು, ಉಳಿದದ್ದರಲ್ಲಿ ಗ್ಯಾಸ್ ಸ್ಪ್ರಿಂಗ್‌ನ ಮಾನಿಟರ್ ಆರ್ಮ್ ಹಾಕಿಸುತ್ತೇನೆ. ಸ್ಟ್ಯಾಂಡ್ ತೆಗೆದ ಮೇಲೆ ಮಾನಿಟರ್ ಎಷ್ಟು ಕಿಲೋ ತೂಗುತ್ತದೆ ನೋಡಿ ಆರ್ಮ್ ಆರಿಸಿ, ತಾನಾಗಿ ಕೆಳಗೆ ಜಾರಿದರೆ ಅಲೆನ್ ಕೀಲಿಯಿಂದ ಸ್ಪ್ರಿಂಗ್ ಬಿಗಿ ಮಾಡಿ.

ಐಮ್ಯಾಕ್ ಯಾರಿಗೆ? ಒಂದೇ ತಂತಿ ಸಾಕು, ಕ್ಯಾಮೆರಾ ಸ್ಪೀಕರ್ ಎಲ್ಲ ಒಳಗೇ ಇರಲಿ, ಬೇರೆ ಲ್ಯಾಪ್‌ಟಾಪ್ ಮೇಜಿಗೆ ಬರುವುದೇ ಇಲ್ಲ, ಸೆಟ್ಟಿಂಗ್ ಹುಡುಕುವ ತಾಳ್ಮೆ ಇಲ್ಲ ಅನ್ನುವವರಿಗೆ. ಮನೆಯ ಹಿರಿಯರಿಗೆ, ಅಂಗಡಿ ಕೌಂಟರ್‌ಗೆ ನಾನೂ ಅದನ್ನೇ ಹೇಳುತ್ತೇನೆ. ಕೊಳ್ಳುವುದಾದರೆ ನಾಲ್ಕು ಪೋರ್ಟ್‌ನದನ್ನು ಕೊಳ್ಳಿ. ಗೋಡೆಗೋ ಆರ್ಮ್‌ಗೋ ಹಾಕುವ ಯೋಚನೆ ಇದ್ದರೆ ಆರ್ಡರ್ ಮಾಡುವಾಗಲೇ ವೆಸಾ ಮಾಡೆಲ್ (ಹಿಂದೆ 100×100 ಮಿಲಿಮೀಟರ್ ಅಂತರದ ಸ್ಕ್ರೂ ತೂತುಗಳಿರುವುದು) ಆರಿಸಿ. ಅದಕ್ಕೆ ಸ್ಟ್ಯಾಂಡ್ ಬರುವುದಿಲ್ಲ, ಸ್ಟ್ಯಾಂಡ್ ಇರುವುದನ್ನು ಆಮೇಲೆ ವೆಸಾಕ್ಕೆ ಬದಲಿಸಿಕೊಳ್ಳಲೂ ಆಗುವುದಿಲ್ಲ.