ಸೈಜ್ ಒಂದೇ ಅಂದರೆ ನಂಬಬೇಡಿ: ಆಯಿಲ್ ಬರ್ನರ್ ಪೈಪಿನ ಥ್ರೆಡ್ ಬಗ್ಗೆ ಒಂದು ಎಚ್ಚರಿಕೆ

ಮನೆ ಬೆಚ್ಚಗಿಡಲು ಆಯಿಲ್ ಬರ್ನರ್ ಇಟ್ಟುಕೊಂಡಿದ್ದೀರಾ? ಹಾಗಾದರೆ ಫಿಲ್ಟರ್ ಬದಲಿಸಲು ಬಂದವರು "ಇದೂ 3/8 ಇಂಚು, ಅದೂ 3/8, ಕೂತ್ಕೊಳ್ಳುತ್ತೆ ಬಿಡಿ" ಅಂದರೆ ಅಲ್ಲೇ ತಡೆಯಿರಿ. ನಮ್ಮ ಮನೆಯಲ್ಲಿ ಇದೇ ಮಾತು ಹೇಳಿ ಕೂರಿಸಿದ ಒಂದು ನಿಪ್ಪಲ್ (ಎರಡೂ ತುದಿಗೆ ಥ್ರೆಡ್, ಅಂದರೆ ಸ್ಕ್ರೂವಿನಂಥ ಸುತ್ತುಗೆರೆ ಇರುವ ಗಿಡ್ಡ ಪೈಪ್) ಹೊಸ ಫಿಲ್ಟರನ್ನು ಸೀಳಿತು. ಚೆನ್ನಾಗಿದ್ದ ಪಂಪ್ ಗುಜರಿಗೆ ಹೋಯಿತು. ಚಳಿಗಾಲ ಪೂರ್ತಿ ನಾವು ಬರ್ನರ್ ಮುಂದೆ ಕಾವಲು ಕೂತೆವು.

ಹಳೇ ಫಿಲ್ಟರ್ ತುಕ್ಕು ಹಿಡಿದಿತ್ತು. ಸರ್ವಿಸ್‌ನವರು ತಂದ ಹೊಸದು ಯುರೋಪಿನ ಮಾಲು. ನೋಡಲು ಚೆನ್ನಾಗಿತ್ತು. ಮೇಲಿನ ಭಾಗ ಎರಕದ ಲೋಹ, ಕೆಳಗೆ ಒಳಗಿನ ಎಣ್ಣೆ ಕಾಣುವಂಥ ಬಟ್ಟಲು. ಪೈಪ್ ಸೇರುವ ತೂತಿನ ಪಕ್ಕದಲ್ಲಿ 'ಜಿ 3/8' ಎಂದು ಅಚ್ಚಾಗಿತ್ತು. ಅದು ಬ್ರಿಟಿಷ್ ಮೂಲದ ಪೈಪ್ ಥ್ರೆಡ್ಡಿನ ಗುರುತು. ನಮ್ಮ ಲೈನಿನ ನಿಪ್ಪಲ್ ಮಾತ್ರ 3/8 ಎನ್‌ಪಿಟಿ, ಅಂದರೆ ಅಮೆರಿಕದ ಪೈಪ್ ಥ್ರೆಡ್. ಟ್ಯಾಂಕ್ ಕಡೆಗೆ ಸರಿಯಾದ ಅಡಾಪ್ಟರ್ ಅವರ ಪೆಟ್ಟಿಗೆಯಲ್ಲೇ ಸಿಕ್ಕಿತು. ಪಂಪ್ ಕಡೆಗೆ ಇನ್ನೊಂದು ಇರಲಿಲ್ಲ. ನಿಪ್ಪಲ್ಲನ್ನೇ ತಿರುಗಿಸಿದರು. ಶುರುವಿನಲ್ಲೇ ಕಚ್ಚಿಕೊಂಡಿತು. ಬಿಚ್ಚಿ, ಬಿಳಿ ಟೇಪ್ ದಪ್ಪಗೆ ಸುತ್ತಿ, ಉದ್ದನೆಯ ಪೈಪ್ ರೆಂಚ್ ಹಾಕಿ ಒತ್ತಿದರು. ಕಿರ್ ಅಂತ ಸದ್ದು ಬಂತು. "ಬಿಗಿಯಾಯ್ತು ನೋಡಿ ಸಾರ್" ಅಂದರು. ಬರ್ನರ್ ಹತ್ತಿತು. ಒಂದು ಹನಿಯೂ ಸೋರಲಿಲ್ಲ. ಬಿಲ್ ಕೊಟ್ಟು ಹೋದರು.

ಆಮೇಲೆ ಶುರುವಾಯಿತು. ನಡುರಾತ್ರಿ ಬರ್ನರ್ ಲಾಕ್‌ಔಟ್ ಆಗಿ ನಿಂತುಬಿಡುತ್ತಿತ್ತು. ರೀಸೆಟ್ ಒತ್ತಿದರೆ ಹತ್ತುತ್ತದೆ, ಸ್ವಲ್ಪ ಹೊತ್ತು ಉರಿಯುತ್ತದೆ, ಮತ್ತೆ ನಿಲ್ಲುತ್ತದೆ. ಪಂಪ್ ಕುಂಯ್ ಅನ್ನುತ್ತದೆ. ನಿಂತ ಮೇಲೂ ಸುಡದ ಎಣ್ಣೆಯ ವಾಸನೆ. ಅವರೇ ಬಂದು ಎಣ್ಣೆ ಸಿಂಪಡಿಸುವ ನಾಜಲ್ ಬದಲಿಸಿದರು. ಆಮೇಲೆ ಕಿಡಿ ಹಾರಿಸುವ ಎಲೆಕ್ಟ್ರೋಡ್ ಬದಲಿಸಿದರು. ಕೊನೆಗೆ ಫಿಲ್ಟರಿನ ಬಟ್ಟಲು ತೋರಿಸಿ, "ಇಲ್ಲಿ ಒಂದು ಗುಳ್ಳೆ ಇದೆಯಾ ನೋಡಿ? ಲೈನ್ ಸರಿಯಾಗಿದೆ, ಪಂಪೇ ಹೋಗಿದೆ" ಅಂದರು. ಹೊಸ ಪಂಪ್ ಬಂತು. ಖಾಯಿಲೆ ಮಾತ್ರ ಹಾಗೇ ಉಳಿಯಿತು.

ಸೋರದಿದ್ದರೆ ಲೀಕ್ ಇಲ್ಲ ಅನ್ನುವುದು ನೀರಿನ ಪೈಪಿಗೆ ಸರಿ, ಇಲ್ಲಿ ಅಲ್ಲ. ನಮ್ಮ ಟ್ಯಾಂಕ್ ಬರ್ನರ್‌ಗಿಂತ ಕೆಳಗಿದೆ. ಪಂಪ್ ಎಣ್ಣೆಯನ್ನು ಎಳೆದುಕೊಳ್ಳುತ್ತದೆ. ಹಾಗಾಗಿ ಆ ಲೈನಿನ ಒಳಗೆ ಒತ್ತಡ ಹೊರಗಿನ ಗಾಳಿಗಿಂತ ಕಡಿಮೆ. ಸಂದು ಬಿಟ್ಟರೆ ಎಣ್ಣೆ ಹೊರಗೆ ಬರುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ, ತೂತಾದ ಸ್ಟ್ರಾದಲ್ಲಿ ಎಳೆದ ಹಾಗೆ. ಒಂದೇ ಪೈಪಿನ ಲೈನ್ ಆದರೆ ಆ ಗಾಳಿ ಟ್ಯಾಂಕಿಗೆ ವಾಪಸ್ ಹೋಗಲು ದಾರಿಯೇ ಇಲ್ಲ. ಪಂಪಿನ ಒತ್ತಡ ಏರುಪೇರಾಗುತ್ತದೆ, ಜ್ವಾಲೆ ತಡವರಿಸುತ್ತದೆ, ಜ್ವಾಲೆ ಕಾಣದ ಸೆನ್ಸರ್ ಬರ್ನರನ್ನು ನಿಲ್ಲಿಸುತ್ತದೆ. ನಿಂತ ಮೇಲೆ ನಾಜಲ್ ಲೈನಿನಲ್ಲಿ ಒತ್ತಿ ಕೂತಿದ್ದ ಗಾಳಿ ಹಿಗ್ಗಿ ಎಣ್ಣೆಯನ್ನು ಹೊರಗೆ ತಳ್ಳುತ್ತದೆ. ನಮಗೆ ಬರುತ್ತಿದ್ದ ವಾಸನೆ ಅದೇ. ಬಟ್ಟಲಿನಲ್ಲಿ ಗುಳ್ಳೆ ಕಾಣದಿದ್ದುದಕ್ಕೂ ಕಾರಣ ಸರಳ. ಗಾಳಿ ಸೇರುತ್ತಿದ್ದದ್ದು ಬಟ್ಟಲು ದಾಟಿದ ಮೇಲೆ, ಪಂಪ್ ಕಡೆಯ ತೂತಿನಲ್ಲಿ.

ಇಲ್ಲೇ ಇನ್ನೊಂದು ಮಾತು. ಹತ್ತದ ಬರ್ನರಿನ ರೀಸೆಟ್ ಬಟನ್ನನ್ನು ಪದೇ ಪದೇ ಒತ್ತಬೇಡಿ. ಒತ್ತಿದಾಗಲೆಲ್ಲ ಸುಡದ ಎಣ್ಣೆ ಬೆಂಕಿಗೂಡಿನಲ್ಲಿ ಸೇರುತ್ತಾ ಹೋಗುತ್ತದೆ. ಆಮೇಲೆ ಒಮ್ಮೆಗೇ ಹತ್ತಿಕೊಂಡರೆ ಮಸಿ, ಹೊಗೆ, ಕೆಲವೊಮ್ಮೆ ಅದಕ್ಕಿಂತ ದೊಡ್ಡ ಅನಾಹುತ.

ಕಡೆಗೆ ಬೇರೆ ಕಡೆಯಿಂದ ಹಿರಿಯ ಮೆಕ್ಯಾನಿಕ್ ಒಬ್ಬರನ್ನು ಕರೆಸಿದೆವು. ಅವರು ಬರ್ನರ್ ಮುಟ್ಟಲೇ ಇಲ್ಲ. ಫಿಲ್ಟರ್ ಮತ್ತು ಪಂಪ್ ನಡುವೆ ಒಂದು ತುಂಡು ಪಾರದರ್ಶಕ ಹೋಸ್ ಹಾಕಿ, ಬರ್ನರ್ ಓಡಿಸಿ, ಟಾರ್ಚ್ ಹಿಡಿದರು. ಸಾಸಿವೆ ಗಾತ್ರದ ಗುಳ್ಳೆಗಳು ಸಾಲಾಗಿ ಓಡುತ್ತಿದ್ದವು. ನಿಪ್ಪಲ್ ಬಿಚ್ಚಿದಾಗ ತೂತಿನ ಅಂಚಿನಿಂದ ಕೂದಲೆಳೆಯಷ್ಟು ಸಣ್ಣ ಬಿರುಕು ಕೆಳಗಿಳಿದಿತ್ತು. ಒಳಗಿನ ಥ್ರೆಡ್ಡಿನ ತುದಿಗಳು ಉಜ್ಜಿ ಹೊಳೆಯುತ್ತಿದ್ದವು. ಹೊಸ ಪಂಪಿನ ಮುಚ್ಚಳ ತೆಗೆದರೆ ಜಾಲರಿಯ ತುಂಬ ಬಿಳಿ ಟೇಪಿನ ನಾರು.

ಅವರು ಜೇಬಿನಿಂದ ಥ್ರೆಡ್ ಗೇಜ್ ತೆಗೆದು ನನ್ನ ಕೈಗೇ ಕೊಟ್ಟರು. ಬಾಚಣಿಗೆಯಂಥ ಹಲ್ಲಿರುವ ಚಿಕ್ಕ ತಗಡುಗಳ ಗೊಂಚಲು ಅದು. '18' ಎಂದಿದ್ದ ತಗಡನ್ನು ನಿಪ್ಪಲ್ ಮೇಲಿಟ್ಟರೆ ಎಲ್ಲ ಹಲ್ಲೂ ಒಳಗೆ ಕೂತವು. ಅದೇ ತಗಡನ್ನು ಟ್ಯಾಂಕ್ ಕಡೆಯ ಅಡಾಪ್ಟರಿನ 'ಜಿ' ಥ್ರೆಡ್ ಮೇಲೆ ಇಟ್ಟರೆ ಮೊದಲ ಎರಡು ಮೂರು ಹಲ್ಲು ಕೂತ ಹಾಗೆ ಕಂಡವು, ಆಮೇಲಿನವು ಎದ್ದು ನಿಂತವು. ಬೆಳಕಿಗೆ ಹಿಡಿದರೆ ಸಂದು ಕಾಣುತ್ತಿತ್ತು. ಅದಕ್ಕೆ ಸರಿಹೊಂದಿದ್ದು '19'.

ಅಮೆರಿಕದ ಎನ್‌ಪಿಟಿಯಲ್ಲಿ 1/4 ಮತ್ತು 3/8 ಸೈಜಿಗೆ ಇಂಚಿಗೆ 18 ಥ್ರೆಡ್. ಬ್ರಿಟಿಷ್ ಮೂಲದ ಬಿಎಸ್‌ಪಿಯಲ್ಲಿ, ಅಂದರೆ ನಮ್ಮ ಫಿಲ್ಟರಿನ 'ಜಿ' ಸೇರಿದ ಜಾತಿಯಲ್ಲಿ, ಅದೇ ಸೈಜುಗಳಿಗೆ 19. ಒಂದೊಂದು ಥ್ರೆಡ್ಡಿಗೆ ವ್ಯತ್ಯಾಸ 0.07 ಮಿಲಿಮೀಟರ್‌ನಷ್ಟು. ಐದು ಥ್ರೆಡ್ ಒಳಗೆ ಹೋಗುವಷ್ಟರಲ್ಲಿ ಅದು 0.37 ಮಿಲಿಮೀಟರ್ ಆಗುತ್ತದೆ. ಲೋಹ ಲೋಹವನ್ನು ಕೊರೆಯಲೇಬೇಕು, ಇಲ್ಲ ಸೀಳಲೇಬೇಕು. ಹೊರಗಿನ ವ್ಯಾಸವೂ ಬೇರೆ. 3/8 ಎನ್‌ಪಿಟಿ ಸುಮಾರು 17.1 ಮಿಲಿಮೀಟರ್, 3/8 ಬಿಎಸ್‌ಪಿ ಸುಮಾರು 16.7. ಎರಡರಲ್ಲೂ 3/8 ಇಂಚು, ಅಂದರೆ 9.5 ಮಿಲಿಮೀಟರ್, ಎಲ್ಲಿಯೂ ಸಿಗುವುದಿಲ್ಲ ಅನ್ನುವುದು ಬೇರೆ ತಮಾಷೆ. ಆ ಹೆಸರು ಹಳೇ ಕಾಲದ ಪೈಪುಗಳ ಒಳಗಿನ ಅಳತೆಯಿಂದ ಉಳಿದುಕೊಂಡು ಬಂದದ್ದು.

ಇದಕ್ಕಿಂತ ಅಪಾಯ 1/2 ಮತ್ತು 3/4 ಸೈಜಿನಲ್ಲಿದೆ. ಅಲ್ಲಿ ಎರಡಕ್ಕೂ ಇಂಚಿಗೆ 14 ಥ್ರೆಡ್ಡೇ. ಸುತ್ತುಗಟ್ಟಲೆ ಆರಾಮಾಗಿ ತಿರುಗುತ್ತದೆ, ಕೈಗೆ ಸರಿ ಅನಿಸುತ್ತದೆ. ಆದರೆ ಥ್ರೆಡ್ಡಿನ ಕೋನ ಎನ್‌ಪಿಟಿಯಲ್ಲಿ 60 ಡಿಗ್ರಿ, ಬಿಎಸ್‌ಪಿಯಲ್ಲಿ 55. ಬ್ರಿಟಿಷರು 1841ರಲ್ಲಿ ತಮ್ಮ ಎಂಜಿನಿಯರ್ ವಿಟ್‌ವರ್ತ್ ಸೂಚಿಸಿದ 55 ಡಿಗ್ರಿಗೆ ಅಂಟಿಕೊಂಡರು, ಅಮೆರಿಕದವರು ತಮ್ಮದೇ ದಾರಿ ಹಿಡಿದರು, ಕಷ್ಟ ನಮಗೆ. ಎರಡೂ ಕೋನ ಹೊಂದದೆ ಥ್ರೆಡ್ಡಿನ ಬುಡದಲ್ಲಿ ಸುರುಳಿ ಸುರುಳಿಯಾಗಿ ಒಂದು ಸಂದು ಉಳಿದುಬಿಡುತ್ತದೆ. ಎಷ್ಟು ಬಿಗಿ ಮಾಡಿದರೂ ಅದು ಮುಚ್ಚುವುದಿಲ್ಲ.

ಬಿಎಸ್‌ಪಿಯಲ್ಲೇ ಎರಡು ಜಾತಿ ಇದೆ, ಇದು ಜಾಸ್ತಿ ಜನಕ್ಕೆ ಗೊತ್ತಿಲ್ಲ. 'ಆರ್' ಎಂದು ಗುರುತಿರುವುದು ಟೇಪರ್. ಎನ್‌ಪಿಟಿಯ ಹಾಗೆ ಅದು 16ಕ್ಕೆ 1ರಂತೆ ಸಣ್ಣದಾಗುತ್ತಾ ಹೋಗುತ್ತದೆ. ಥ್ರೆಡ್ಡೇ ಬಿಗಿಯಾಗಿ, ಸೀಲೆಂಟ್ ಜೊತೆ ಸೇರಿ ಸೋರಿಕೆ ತಡೆಯುತ್ತದೆ. 'ಜಿ' ಎಂದು ಗುರುತಿರುವುದು ಪ್ಯಾರಲಲ್, ಉದ್ದಕ್ಕೂ ಒಂದೇ ಅಳತೆ. ಅದರಲ್ಲಿ ಥ್ರೆಡ್ಡಿನ ಕೆಲಸ ಹಿಡಿದುಕೊಳ್ಳುವುದು ಮಾತ್ರ. ಸೋರಿಕೆ ತಡೆಯುವುದು ಚಪ್ಪಟೆ ಮುಖದ ಮೇಲೆ ಕೂರುವ ತಾಮ್ರದ ವಾಷರ್, ಅಥವಾ ಲೋಹಕ್ಕೆ ರಬ್ಬರ್ ಅಂಟಿಸಿದ ವಾಷರ್. ಇಂಥ ತೂತಿಗೆ ಟೇಪರ್ ನಿಪ್ಪಲ್ ಹಾಕಿ ಒತ್ತಿದರೆ ಬೆಣೆ ಹೊಡೆದಂತೆ. ಎರಕದ ಲೋಹ ಹಿಗ್ಗುವುದಿಲ್ಲ, ಬಿರಿಯುತ್ತದೆ. ನಮ್ಮ ಫಿಲ್ಟರಿಗೆ ಆದದ್ದು ಇದೇ.

ಟೇಪ್ ವಿಷಯಕ್ಕೆ ಬರೋಣ. ಟೆಫ್ಲಾನ್ ಟೇಪ್ ನೀರಿಗೆ ಸರಿ. ಎಣ್ಣೆ ಲೈನಿಗೆ ಅದನ್ನು ಬಳಸಬೇಡಿ ಎಂದು ಬರ್ನರ್ ತಯಾರಕರ ಕೈಪಿಡಿಗಳಲ್ಲೇ ಬರೆದಿರುತ್ತದೆ. ಬಿಗಿ ಮಾಡುವಾಗ ಅದು ಕತ್ತರಿಸಿ ನಾರಾಗುತ್ತದೆ. ನಾರು ಪಂಪಿಗೆ ಹೋಗುತ್ತದೆ. ಟೇಪರ್ ಥ್ರೆಡ್ಡಿಗೆ ಬೇಕಾದದ್ದು ಎಣ್ಣೆ ತಡೆಯುವ, ಗಟ್ಟಿಯಾಗದ ಪೇಸ್ಟ್. ಅದನ್ನೂ ತುದಿಯ ಒಂದೆರಡು ಥ್ರೆಡ್ ಖಾಲಿ ಬಿಟ್ಟು ಹಚ್ಚಬೇಕು, ಇಲ್ಲದಿದ್ದರೆ ಪೇಸ್ಟೇ ಒಳಗೆ ಹೋಗುತ್ತದೆ. ಹಾಗೆ ನೋಡಿದರೆ, ತಪ್ಪು ಥ್ರೆಡ್ ಮುಚ್ಚಿಡಲು ಟೇಪಿನಷ್ಟು ಸುಲಭದ ಸಾಧನ ಇನ್ನೊಂದಿಲ್ಲ. ದಪ್ಪಗೆ ಟೇಪ್ ಸುತ್ತುವುದು ಕಂಡರೆ ಅನುಮಾನ ಪಡಿ.

ತಾಮ್ರದ ಕೊಳವೆಯ ಫ್ಲೇರ್ ಜೋಡಣೆಯಲ್ಲೂ (ಕೊಳವೆಯ ತುದಿಯನ್ನು ಆಲಿಕೆಯಂತೆ ಅಗಲಿಸಿ ನಟ್ಟಿನಿಂದ ಬಿಗಿಯುವುದು) ಇಂಥದ್ದೇ ಒಂದು ಮೋಸ ಇದೆ. ಎಣ್ಣೆ ಲೈನಿಗೆ ಬಳಸುವುದು ಸಾಮಾನ್ಯವಾಗಿ 45 ಡಿಗ್ರಿ ಫ್ಲೇರ್. ಹೈಡ್ರಾಲಿಕ್ ಕೆಲಸದ್ದು 37 ಡಿಗ್ರಿ. 1/2 ಇಂಚಿನ ಕೊಳವೆಗೆ ಎರಡರ ನಟ್ಟಿನ ಥ್ರೆಡ್ಡೂ ಒಂದೇ, 3/4 ಇಂಚು, ಇಂಚಿಗೆ 16. ನಟ್ ಬೆಣ್ಣೆ ಸವರಿದಷ್ಟು ಸಲೀಸಾಗಿ ಕೂರುತ್ತದೆ. ಒಳಗೆ ಕೋನ ಮಾತ್ರ ಹೊಂದುವುದಿಲ್ಲ, ಪೂರ್ತಿ ಮುಖ ಕೂರುವ ಬದಲು ಬರೀ ಒಂದು ಗೆರೆಯಲ್ಲಿ ತಾಗಿ ನಿಲ್ಲುತ್ತದೆ. ಫ್ಲೇರ್ ಮೇಲೆ ಟೇಪ್, ಪೇಸ್ಟ್ ಯಾವುದೂ ಬೇಡ. ಅಲ್ಲಿ ಲೋಹದ ಮುಖಕ್ಕೆ ಲೋಹದ ಮುಖ ಕೂತರೇನೇ ಸೀಲ್.

ಹಾಗಾದರೆ ಮನೆಯವರು ಏನು ಮಾಡಬಹುದು? ಹೊಸ ಭಾಗ ಕೂರಿಸುವ ಮೊದಲು ಅದನ್ನು ಕೈಗೆ ತೆಗೆದುಕೊಂಡು ಗುರುತು ಓದಿ. ಜಿ, ಆರ್, ಎನ್‌ಪಿಟಿ, ಏನಾದರೂ ಇರುತ್ತದೆ. ಪಂಪ್ ಎಲ್ಲಿಯದು, ಫಿಲ್ಟರ್ ಎಲ್ಲಿಯದು ಎಂದು ಕೇಳಿ. ಒಂದು ಅಮೆರಿಕದ್ದು, ಇನ್ನೊಂದು ಯುರೋಪಿನದು ಆದರೆ ನಡುವೆ ಅಡಾಪ್ಟರ್ ಇರಲೇಬೇಕು. ಅದನ್ನು ತೋರಿಸಿ ಅನ್ನಿ. ಕೈಯಲ್ಲಿ ಮೂರು ನಾಲ್ಕು ಸುತ್ತು ಹೋಗದೆ ಕಚ್ಚಿಕೊಂಡರೆ ರೆಂಚ್ ಮುಟ್ಟಲು ಬಿಡಬೇಡಿ. ಕೆಲಸ ಮುಗಿದ ಮೇಲೆ ವ್ಯಾಕ್ಯೂಮ್ ಗೇಜ್ (ಲೈನಿನ ಎಳೆತ ಅಳೆಯುವ ಮೀಟರ್) ಹಾಕಿ ಲೈನ್ ಪರೀಕ್ಷೆ ಮಾಡಿಸಿ. ಸುಮ್ನೆ ಬಟ್ಟೆಯಿಂದ ಒರೆಸಿ "ಒಣಗಿದೆ ನೋಡಿ" ಅನ್ನುವುದು ಎಳೆಯುವ ಲೈನಿಗೆ ಪರೀಕ್ಷೆಯೇ ಅಲ್ಲ.

ಬಿಚ್ಚಿದ ಭಾಗಗಳನ್ನೂ ಕೇಳಿ ಇಟ್ಟುಕೊಳ್ಳಿ. ಬಿರುಕು ಬಿಟ್ಟ ಫಿಲ್ಟರ್ ನನ್ನ ಹತ್ತಿರ ಇದೆ, ಅದನ್ನು ತೋರಿಸಿದ ಮೇಲೆ ಅದರ ಹಣ ವಾಪಸ್ ಬಂತು. ಹಳೇ ಪಂಪನ್ನು ಅವರೇ ತೆಗೆದುಕೊಂಡು ಹೋಗಿದ್ದರು. ಅದು ಚೆನ್ನಾಗಿತ್ತು ಎಂದು ತೋರಿಸಲು ನನ್ನ ಬಳಿ ಏನೂ ಇಲ್ಲ, ಆ ಹಣಕ್ಕಾಗಿ ಜಗಳ ಇನ್ನೂ ನಡೆಯುತ್ತಿದೆ.