ಪಡನ್ನದ ಹಗ್ಗದ ಪಚ್ಚಿಲೆ: ಬಂಡೆಯದ್ದಕ್ಕಿಂತ ನನಗೆ ಇದೇ ಇಷ್ಟ

ಮೊದಲೇ ಹೇಳಿಬಿಡುತ್ತೇನೆ. ಹಗ್ಗದಲ್ಲಿ ಸಾಕಿದ ಪಚ್ಚಿಲೆ (ಇಂಗ್ಲಿಷಿನಲ್ಲಿ ಮಸಲ್ ಅನ್ನುವ ಎರಡು ಚಿಪ್ಪಿನ ಕಡಲಜೀವಿ) ಬಂಡೆಯಿಂದ ಕಿತ್ತು ತಂದ ಪಚ್ಚಿಲೆಗಿಂತ ಒಳ್ಳೆಯ ಸರಕು. ಸರಿಯಾದ ತಿಂಗಳಲ್ಲಿ ತಗೊಂಡರೆ ಮಾತ್ರ. ಮಂಗಳೂರು ಕಡೆ ಈ ಮಾತು ಆಡಿದರೆ ಜಗಳಕ್ಕೇ ಬರುತ್ತಾರೆ, ಯಾಕೆಂದರೆ ಸಾಕಿದ್ದು ಅಂದ ಕೂಡಲೇ ಜನರಿಗೆ ಫಾರಂ ಕೋಳಿಯೇ ನೆನಪಿಗೆ ಬರುವುದು. ಆದರೆ ಪಚ್ಚಿಲೆಗೆ ಯಾರೂ ತಿಂಡಿ ಹಾಕುವುದಿಲ್ಲ, ಔಷಧಿ ಕೊಡುವುದಿಲ್ಲ. ನೀರಿನಲ್ಲಿ ತೇಲುವ ಸೂಕ್ಷ್ಮ ಪಾಚಿಯನ್ನು ಸೋಸಿ ತಿಂದು ಅದು ತಾನೇ ಬೆಳೆಯುತ್ತದೆ. ಬಂಡೆಯ ಮೇಲೂ ಅದೇ ಊಟ, ಹಗ್ಗದ ಮೇಲೂ ಅದೇ ಊಟ.

ನಾನು ಹೇಳುತ್ತಿರುವುದು ಕಾಸರಗೋಡು ಜಿಲ್ಲೆಯ ಪಡನ್ನ, ಚೆರುವತ್ತೂರು ಕಡೆ ಕವ್ವಾಯಿ ಹಿನ್ನೀರಿನಲ್ಲಿ ಬೆಳೆಯುವ ಹಸಿರು ಪಚ್ಚಿಲೆಯ ಬಗ್ಗೆ. ಕುಂದಾಪುರ, ಕಾರವಾರ ಕಡೆಯವರು ನೀಲಿಕಲ್ಲು ಅನ್ನುವುದೂ, ಮಲಯಾಳಿಗಳು ಕಲ್ಲುಮ್ಮಕಾಯ ಅನ್ನುವುದೂ ಇದನ್ನೇ. ಕೇಂದ್ರ ಸರ್ಕಾರದ ಕಡಲ ಮೀನು ಸಂಶೋಧನಾ ಸಂಸ್ಥೆ, ಅಂದರೆ ಸಿಎಂಎಫ್‌ಆರ್‌ಐ, ಈ ವಿಧಾನವನ್ನು ರೂಪಿಸಿತು. 1990ರ ದಶಕದ ಕೊನೆಯ ಹೊತ್ತಿಗೆ ಅಲ್ಲಿನ ಹಿನ್ನೀರಿನಲ್ಲಿ ಅದು ಬೇರೂರಿತು. ಮಹಿಳೆಯರ ಸ್ವಸಹಾಯ ಗುಂಪುಗಳು ಅದನ್ನು ಎತ್ತಿ ನಿಲ್ಲಿಸಿದವು. ನಮ್ಮ ಮೂಲ್ಕಿ ಅಳಿವೆಯಲ್ಲೂ ಪ್ರಯತ್ನ ನಡೆದಿದೆ, ಆದರೆ ಸಂತೆಗೆ ಬರುವಷ್ಟು ದೊಡ್ಡ ಮಟ್ಟಿಗೆ ಬೆಳೆದದ್ದು ಅಲ್ಲಿಯೇ.

ಬೆಳೆಸುವ ಕ್ರಮ ನೋಡಲು ಬಹಳ ಚೆಂದ. ಮಳೆ ನಿಂತು ನೀರು ಮತ್ತೆ ಉಪ್ಪಾದ ಮೇಲೆ, ನವೆಂಬರ್ ಡಿಸೆಂಬರ್ ಹೊತ್ತಿಗೆ, ಕಡಲ ಬಂಡೆಗಳಿಂದ ಬೆರಳಿನ ಉಗುರಿಗಿಂತ ಸ್ವಲ್ಪ ದೊಡ್ಡ ಮರಿಗಳನ್ನು ಕೆರೆದು ತರುತ್ತಾರೆ. ಅವನ್ನು ಹಗ್ಗದ ಸುತ್ತ ಹರಡಿ ಹತ್ತಿಯ ತೆಳು ಬಲೆಬಟ್ಟೆಯಿಂದ ಸುತ್ತಿ ಹೊಲಿಯುತ್ತಾರೆ. ಆಮೇಲೆ ಬಿದಿರಿನ ಚಪ್ಪರದಿಂದ ನೀರಿಗೆ ಇಳಿಬಿಡುತ್ತಾರೆ. ಕೆಲವು ದಿನಗಳಲ್ಲಿ ಬಟ್ಟೆ ಕೊಳೆತು ಹೋಗುತ್ತದೆ. ಅಷ್ಟರೊಳಗೆ ಮರಿಗಳು ತಮ್ಮ ಪಾದದ ಗ್ರಂಥಿಯಿಂದ ಪ್ರೋಟೀನಿನ ದಾರ ಬಿಟ್ಟು ಹಗ್ಗಕ್ಕೆ ಅಂಟಿಕೊಂಡಿರುತ್ತವೆ. ನೀರಿನೊಳಗೆ, ಒದ್ದೆ ಮೇಲ್ಮೈಗೆ ಹಿಡಿಯುವ ಅಂಟು ಅದು! ಅಡುಗೆಮನೆಯಲ್ಲಿ ನಾವು ಗಡ್ಡ ಅಂತ ಕಿತ್ತು ಬಿಸಾಡುವುದು ಅದೇ ದಾರಗಳನ್ನು.

ಈಗ ಮಾಂಸದ ವಿಷಯ. ಬಂಡೆಯ ಪಚ್ಚಿಲೆಗೆ ದಿನವಿಡೀ ಊಟ ಇಲ್ಲ. ಇಳಿತದ ಹೊತ್ತಿಗೆ ನೀರಿನಿಂದ ಹೊರಗೆ ಬಿದ್ದಾಗ ಅದು ಚಿಪ್ಪು ಮುಚ್ಚಿ ಕೂರಬೇಕು, ಬಿಸಿಲು ತಡೆಯಬೇಕು, ಅಲೆಯ ಪೆಟ್ಟನ್ನೂ ತಿನ್ನಬೇಕು. ಹಾಗಾಗಿ ಚಿಪ್ಪು ದಪ್ಪ, ಒಳಗೆ ಮಾಂಸ ಕಡಿಮೆ. ಹಗ್ಗದ್ದು ಸದಾ ನೀರಿನಲ್ಲೇ ಇರುತ್ತದೆ. ಐದಾರು ತಿಂಗಳಲ್ಲಿ 20-25 ಮಿಲಿಮೀಟರಿನ ಮರಿ 75-80 ಮಿಲಿಮೀಟರ್ ಆಗುತ್ತದೆ, ಚಿಪ್ಪು ತೆಳು, ಒಟ್ಟು ತೂಕದಲ್ಲಿ ಮೂರನೇ ಒಂದಕ್ಕಿಂತ ಜಾಸ್ತಿ ಮಾಂಸವೇ. ಹಗ್ಗ ತಳಕ್ಕೆ ತಾಗದಂತೆ ಕಟ್ಟುವುದರಿಂದ ಮರಳೂ ಕಡಿಮೆ. ಹಲ್ಲಿಗೆ ಕರಕರ ಸಿಗದ ಪಚ್ಚಿಲೆ ಸುಕ್ಕ ತಿಂದವರಿಗೆ ಇದರ ಬೆಲೆ ಗೊತ್ತು.

ಒಳಗಿನ ಬಣ್ಣ ನೋಡಿ ಕೆಲವರು ಹೆದರುತ್ತಾರೆ. ಒಂದರಲ್ಲಿ ಕಿತ್ತಳೆ ಕೆಂಪು, ಇನ್ನೊಂದರಲ್ಲಿ ಕೆನೆ ಬಿಳಿ. ಯಾವುದೂ ಕೆಟ್ಟದ್ದಲ್ಲ. ಕೆಂಪು ಬಣ್ಣದ್ದು ಹೆಣ್ಣು, ಬಿಳಿಯದ್ದು ಗಂಡು, ಅಷ್ಟೇ. ಮರಿ ಮಾಡುವ ಕಾಲಕ್ಕೆ ಅಂಡಾಶಯವೋ ವೃಷಣವೋ ಮೈತುಂಬ ಹರಡಿಕೊಳ್ಳುತ್ತದೆ, ಆ ಬಣ್ಣ ಅದರದ್ದು. ರುಚಿಯ ಗುಟ್ಟೂ ಅಲ್ಲೇ ಇದೆ. ನಮ್ಮ ಕರಾವಳಿಯಲ್ಲಿ ಪಚ್ಚಿಲೆ ಮುಖ್ಯವಾಗಿ ಮಳೆಗಾಲದಲ್ಲಿ ಮೊಟ್ಟೆ ಬಿಡುತ್ತದೆ. ಅದಕ್ಕೆ ಮೊದಲು, ಏಪ್ರಿಲ್‌ನಿಂದ ಮೇ ನಡುವಿನ ತನಕ, ಒಳಗೆ ಸಂಗ್ರಹ ಭರ್ತಿ ಇರುತ್ತದೆ. ಮಾಂಸ ದಪ್ಪ, ಸ್ವಲ್ಪ ಸಿಹಿ, ಬೇಯಿಸಿದರೂ ಕುಗ್ಗುವುದು ಕಡಿಮೆ. ಮೊಟ್ಟೆ ಬಿಟ್ಟ ಮೇಲೆ ಅದೇ ಪ್ರಾಣಿ ನೀರು ನೀರು. ರೈತರಿಗೂ ಇದೇ ಗಡುವು, ಯಾಕೆಂದರೆ ಮಳೆ ಶುರುವಾಗಿ ಸಿಹಿನೀರು ನುಗ್ಗಿದರೆ ಹಿನ್ನೀರಿನ ಪಚ್ಚಿಲೆ ರಾಶಿರಾಶಿ ಸಾಯುತ್ತವೆ.

ನನಗೆ ಕೊರತೆ ಅಂತ ಕಂಡದ್ದು ಗಾತ್ರ. ಒಂದೇ ಹಗ್ಗದಲ್ಲಿ, ಒಂದೇ ದಿನ ಕಟ್ಟಿದ ಮರಿಗಳಲ್ಲಿ ಒಂದು ಅಂಗೈ ತುಂಬುವಷ್ಟು, ಪಕ್ಕದ್ದು ಅದರ ಅರ್ಧ. ಒಟ್ಟಿಗೆ ಬೇಯಿಸಿದರೆ ಚಿಕ್ಕದು ರಬ್ಬರ್ ಆಗುತ್ತದೆ. ಜಾಗ, ಊಟ ಇವುಗಳ ಪೈಪೋಟಿ ಒಂದು ಕಾರಣ. ಇನ್ನೊಂದು ಕಾರಣ ವಂಶದ್ದು. ಇಲ್ಲಿ ಸಾಕುವುದು ಅಂದರೆ ತಳಿ ಆರಿಸಿ ಸಾಕುವುದಲ್ಲ. ಹೆಣ್ಣು ಲಕ್ಷಗಟ್ಟಲೆ ಮೊಟ್ಟೆಯನ್ನು, ಗಂಡು ವೀರ್ಯವನ್ನು ನೇರ ಸಮುದ್ರಕ್ಕೆ ಬಿಡುತ್ತವೆ. ಹುಟ್ಟಿದ ಡಿಂಭಗಳು, ಅಂದರೆ ಕಣ್ಣಿಗೆ ಕಾಣದಷ್ಟು ಚಿಕ್ಕ ಎಳೆಮರಿಗಳು, ಎರಡು ಮೂರು ವಾರ ತೇಲಿ ಎಲ್ಲೋ ಬಂದು ಕೂರುತ್ತವೆ. ಹಾಗಾಗಿ ಒಂದು ಹಗ್ಗದಲ್ಲಿ ಎಷ್ಟೋ ತಂದೆ ತಾಯಿಯರ ಮಕ್ಕಳು ಇರುತ್ತಾರೆ, ಬೆಳೆಯುವ ವೇಗ ಒಂದೇ ಇರಲು ಹೇಗೆ ಸಾಧ್ಯ?

ಈ ಜಾತಿಗಳ ವಂಶವಾಹಿ ಲೋಕ ನಿಜಕ್ಕೂ ಬೆರಗು ಹುಟ್ಟಿಸುತ್ತದೆ. ಪಚ್ಚಿಲೆಯ ದೂರದ ನೆಂಟ ಮೆಡಿಟರೇನಿಯನ್ ಮಸಲ್, ಸ್ಪೇನಿನ ಗಲೀಸಿಯಾದಲ್ಲಿ ತೇಲುವ ತೆಪ್ಪಗಳಿಂದ ಹಗ್ಗ ಇಳಿಬಿಟ್ಟು ಸಾಕುವ ಜಾತಿ. ಅಲ್ಲಿನ ಲೋಲಾ ಎಂಬ ಒಂದು ಹೆಣ್ಣು ಮಸಲ್‌ನ ಜೀನೋಮ್, ಅಂದರೆ ಅದರ ವಂಶವಾಹಿಗಳ (ಜೀನ್‌ಗಳ) ಪೂರ್ತಿ ನಕ್ಷೆ, 2020ರಲ್ಲಿ ಪ್ರಕಟವಾಯಿತು. ಸುಮಾರು 60,000 ಜೀನ್‌ಗಳು! ಅದಕ್ಕಿಂತ ದೊಡ್ಡ ವಿಷಯ ಏನೆಂದರೆ ಬೇರೆ ಮಸಲ್‌ಗಳ ಜೊತೆ ಹೋಲಿಸಿದಾಗ ಸುಮಾರು ಮೂರನೇ ಒಂದು ಭಾಗದಷ್ಟು ಜೀನ್‌ಗಳು ಎಲ್ಲರಲ್ಲೂ ಇರಲಿಲ್ಲ. ಒಂದರಲ್ಲಿ ಇರುವ ಜೀನ್ ಪಕ್ಕದ್ದರಲ್ಲಿ ಪೂರ್ತಿ ಮಾಯ. ಹಾಗೆ ಇದ್ದೂ ಇಲ್ಲದಿರುವ ಜೀನ್‌ಗಳಲ್ಲಿ ರೋಗ ತಡೆಯುವಂಥವು ಬಹಳ. ಅದೇ ಬಳಗದ ಮಸಲ್‌ಗಳಲ್ಲಿ ಗಂಡು ಮರಿಗೆ ಅಪ್ಪನ ಮೈಟೋಕಾಂಡ್ರಿಯಾ (ಜೀವಕೋಶಕ್ಕೆ ಶಕ್ತಿ ತಯಾರಿಸುವ ಭಾಗ) ಕೂಡ ಬಳುವಳಿ ಬರುತ್ತದೆ, ಮನುಷ್ಯರಲ್ಲಿ ಅಮ್ಮನದ್ದು ಮಾತ್ರ ಅಲ್ವಾ.

ಬೆಂಗಳೂರಿನಲ್ಲಿ ಫ್ರೀಜರಿನಲ್ಲಿ ಸಿಗುವ ಅರ್ಧ ಚಿಪ್ಪಿನ ನ್ಯೂಜಿಲೆಂಡ್ ಮಸಲ್ ಇದಲ್ಲ, ಇದರ ಸೋದರ ಜಾತಿ. ಅಲ್ಲಿ ಬಹುಪಾಲು ಮರಿಗಳು ಇವತ್ತಿಗೂ ಕಡಲಿನಿಂದಲೇ ಬರುತ್ತವೆ, ಆದರೆ ನೆಲ್ಸನ್‌ನಲ್ಲಿ ಮರಿ ಕೇಂದ್ರ ಮಾಡಿ, ಕುಟುಂಬ ಕುಟುಂಬವಾಗಿ ಬೆಳೆಸಿ, ಚೆನ್ನಾಗಿ ಬೆಳೆಯುವ ತಳಿಯನ್ನೂ ಆರಿಸುತ್ತಿದ್ದಾರೆ. ಪೊಟ್ಟಣದ್ದು ಗಾತ್ರ ಒಂದೇ ಸಮ, ನೋಡಲು ಲಕ್ಷಣ. ರುಚಿಯಲ್ಲಿ ಮಾತ್ರ ಪಡನ್ನದ ತಾಜಾ ಪಚ್ಚಿಲೆಯ ಹತ್ತಿರಕ್ಕೂ ಬರುವುದಿಲ್ಲ. ಒಮ್ಮೆ ಬೇಯಿಸಿ ಹೆಪ್ಪುಗಟ್ಟಿಸಿದ್ದು ಮಸಾಲೆ ಹೀರುವುದೇ ಇಲ್ಲ. ನಮ್ಮಲ್ಲೂ ಮರಿ ಕೇಂದ್ರ ಗಟ್ಟಿಯಾಗಿ ಬರಬೇಕು ಅನ್ನುವುದು ನನ್ನ ಆಸೆ. ಬಂಡೆಯ ಮರಿಯನ್ನೇ ನಂಬಿದರೆ ಕಡಲಿಗೂ ಪೆಟ್ಟು, ರೈತರಿಗೂ ಪ್ರತಿ ವರ್ಷ ಗೊಂದಲ.

ಇನ್ನು ಸುರಕ್ಷತೆ. ಇದನ್ನು ಸುಮ್ನೆ ಹಗುರವಾಗಿ ತಗೋಬೇಡಿ. ಒಂದು ಪಚ್ಚಿಲೆ ಗಂಟೆಗೆ ಲೀಟರ್‌ಗಟ್ಟಲೆ ನೀರು ಸೋಸುತ್ತದೆ. ನೀರಿನಲ್ಲಿ ಚರಂಡಿ ಸೇರಿದರೆ ಅದರ ರೋಗಾಣುಗಳೂ ಅದರ ಮೈಯಲ್ಲಿ ಕೂಡಿಕೊಳ್ಳುತ್ತವೆ. ಕೊಯ್ದ ಮೇಲೆ ಶುದ್ಧ ಉಪ್ಪುನೀರಿನಲ್ಲಿ ಒಂದು ದಿನ ಇಟ್ಟು ಮಾರುವವರಿದ್ದರೆ ಅವರಿಂದಲೇ ತಗೊಳ್ಳಿ, ಸ್ವಲ್ಪ ಜಾಸ್ತಿ ಕೊಟ್ಟರೂ ಪರವಾಗಿಲ್ಲ. ಆದರೆ ಪಚ್ಚಿಲೆ ಸೋಸಿ ತಿನ್ನುವ ಪಾಚಿಯೇ ವಿಷದ್ದಾದರೆ ಕತೆ ಬೇರೆ. 1983ರಲ್ಲಿ ಕುಂಬಳೆಯಲ್ಲಿ ಚಿಪ್ಪುಮಾಂಸ ತಿಂದು ಜನ ಹಾಸಿಗೆ ಹಿಡಿದರು, ಒಬ್ಬ ಹುಡುಗ ತೀರಿಕೊಂಡ. ಆ ವಿಷ ಬೇಯಿಸಿದರೆ ಹೋಗುವುದಿಲ್ಲ, ಒಂದು ದಿನ ಶುದ್ಧ ನೀರಿನಲ್ಲಿ ಇಟ್ಟರೂ ಹೋಗುವುದಿಲ್ಲ. ನೀರು ಕೆಂಪಾಗಿದೆ, ಬಣ್ಣ ತಿರುಗಿದೆ ಅಂತ ಸುದ್ದಿ ಬಂದ ವಾರ ಪಚ್ಚಿಲೆ ಮುಟ್ಟಲೇಬೇಡಿ. ತಿಂದ ಮೇಲೆ ತುಟಿ, ನಾಲಿಗೆ ಜುಮ್ಮೆಂದರೆ ಕಾಯದೆ ಆಸ್ಪತ್ರೆಗೆ ಹೋಗಿ.

ಆನ್‌ಲೈನಿನಲ್ಲಿ ತರಿಸಿದ ಅನುಭವ ಚೆನ್ನಾಗಿರಲಿಲ್ಲ. ಜೀವಂತ ಅಂತ ಬರೆದಿದ್ದರು, ಬಂದದ್ದು ಪ್ಲಾಸ್ಟಿಕ್ ಚೀಲದಲ್ಲಿ ಕರಗಿದ ಮಂಜುಗಡ್ಡೆಯ ನೀರಿನಲ್ಲಿ ಮುಳುಗಿದ ಪಚ್ಚಿಲೆ. ಅರ್ಧಕ್ಕರ್ಧ ಬಾಯಿ ತೆರೆದು ಬಿದ್ದಿದ್ದವು. ಸಿಹಿನೀರಿನಲ್ಲಿ ಮುಳುಗಿಸಿದರೆ ಅವು ಬದುಕುವುದಿಲ್ಲ ಅನ್ನುವಷ್ಟು ತಿಳಿವಳಿಕೆ ಮಾರುವವರಿಗೆ ಇರಲೇಬೇಕು. ಒದ್ದೆ ಗೋಣಿಯಲ್ಲಿ ತಂಪಾಗಿ ಕಟ್ಟಿ ತಂದರೆ ಸಾಕಿತ್ತು.

ತಗೊಳ್ಳುವಾಗ ಬಾಯಿ ತೆರೆದದ್ದನ್ನು ಬೆರಳಿನಿಂದ ತಟ್ಟಿ ನೋಡಿ, ಮುಚ್ಚಿಕೊಂಡರೆ ಜೀವ ಇದೆ, ಇಲ್ಲದಿದ್ದರೆ ಬದಿಗಿಡಿ. ಗಾತ್ರ ನೋಡಿ ಬೇರೆ ಬೇರೆ ಮಾಡಿಕೊಳ್ಳಿ. ಗಡ್ಡವನ್ನು ಒಲೆ ಹೊತ್ತಿಸುವ ಮುಂಚೆಯಷ್ಟೇ, ಕೀಲಿನ ಕಡೆಗೆ ಎಳೆದು ಕೀಳಿ, ಮೊದಲೇ ಕಿತ್ತರೆ ಒಳಗೆ ಹರಿದು ಬೇಗ ಸಾಯುತ್ತದೆ. ದೊಡ್ಡವನ್ನು ಮಲಬಾರಿನವರ ಅರಿಕಡುಕ್ಕಕ್ಕೆ ಇಡಿ: ಅಕ್ಕಿ, ತೆಂಗಿನಕಾಯಿ, ಚಿಕ್ಕ ಈರುಳ್ಳಿ, ಸೋಂಪು ರುಬ್ಬಿ ಚಿಪ್ಪಿನೊಳಗೆ ತುಂಬಿ, ಹಬೆಯಲ್ಲಿ ಬೇಯಿಸಿ, ಚಿಪ್ಪು ಬಿಡಿಸಿ, ಮೆಣಸಿನ ಮಸಾಲೆ ಸವರಿ ಹುರಿಯುವುದು. ಸಣ್ಣವಕ್ಕೆ ನಮ್ಮ ಸುಕ್ಕವೇ ಸರಿ, ಬಾಯಿ ತೆರೆದ ತಕ್ಷಣ ಉರಿ ತಗ್ಗಿಸಿ, ಚಿಪ್ಪಿನಿಂದ ಇಳಿದ ನೀರನ್ನು ಸೋಸಿ ಅದೇ ಮಸಾಲೆಗೆ ಹಾಕಿ. ಆಮೇಲೆ ಉಪ್ಪು ಹಾಕುವ ಮೊದಲು ರುಚಿ ನೋಡಿ.